ಆಯುಧ ಪೂಜೆಗೆ ಇಟ್ಟ ಏಳು ಟೇಪು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಈಗಲೂ ಅಷ್ಟೆ, ಆಗ ಇನ್ನೂ ಜಾಸ್ತಿ. ಮದುವೆ ಮನೆಯಲ್ಲಿ ಊಟಕ್ಕೆ ಕೂತು ಅನ್ನ ಸಾರು ಕಲಸುವ ಹೊತ್ತಿಗೆ ಕರೆಂಟು ಹೋದರೆ ಬೇರೆಯವರೆಲ್ಲ ಕರವಸ್ತ್ರದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು, ನಾನು ಎಲೆ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ಆಚೆ ಗುಂಡ್ಲುಪೇಟೆಯಲ್ಲಿ ನನ್ನ ಸರ್ವರ್ ಇತ್ತು. ಅಲ್ಲೂ ಕರೆಂಟು ಹೋಗಿದೆಯೋ, ಯುಪಿಎಸ್ ಹಿಡಿದುಕೊಂಡಿದೆಯೋ, ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೋ ಎಂದು ತಲೆ ಒಳಗೊಳಗೇ ಕೊರೆಯುತ್ತಿತ್ತು. ‘ಕೂತ್ಕಳ್ಲಾ, ಆ ಡಬ್ಬಕ್ಕೇನು ಎರಿಗೆ ನೋವು ಬಂದದಾ?’ ಎಂದು ಅವ್ವ ಪಂಕ್ತಿಯ ಮಧ್ಯದಲ್ಲೇ ಬೈಯುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ ಎಂದರೆ ಹೊಸ ಪಟ್ಟಿಗಳು. ನಾನಿದ್ದ ಕಚೇರಿ ಯಾವುದೆಂದು ಬರೆಯುವುದಿಲ್ಲ, ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಎದುರಿಗೆ ಸಿಗುತ್ತಾರೆ. ಕೆಲಸ ಇಷ್ಟು: ಗುಂಡ್ಲುಪೇಟೆ ತಾಲ್ಲೂಕಿನ ಪ್ರತಿ ಮನೆಯಲ್ಲಿ ಯಾರ್ಯಾರಿದ್ದಾರೆ, ವಯಸ್ಸೆಷ್ಟು, ಓದೆಷ್ಟು ಎಂದು ಬರೆಸಿಕೊಂಡು ಬಂದ ಫಾರಂಗಳನ್ನು ಕಂಪ್ಯೂಟರಿಗೆ ಹತ್ತಿಸುವುದು. ಐದು ಜನ ಐದು ಪರದೆಗಳ ಮುಂದೆ ಕೂತು ಟೈಪ್ ಮಾಡುತ್ತಿದ್ದರು. ಅವರು ಒತ್ತಿದ್ದೆಲ್ಲ ಪಕ್ಕದ ಸಣ್ಣ ಕೋಣೆಯಲ್ಲಿದ್ದ ಒಂದೇ ಪೆಟ್ಟಿಗೆಗೆ ಹೋಗಿ ಸೇರುತ್ತಿತ್ತು. ಅದು ಸರ್ವರ್. ಅದನ್ನು ಕಾಯುವವನು ನಾನು. ಮನೆ ಚಾಮರಾಜನಗರದಲ್ಲಿ, ಪೆಟ್ಟಿಗೆ ಗುಂಡ್ಲುಪೇಟೆಯಲ್ಲಿ, ನಡುವೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು. ಬಸ್ಸಿನಲ್ಲಿ ಕಳೆಯುವ ಒಂದೂಕಾಲು ಗಂಟೆಯಲ್ಲಿ ಅದಕ್ಕೆ ಏನಾದರೂ ಆದರೆ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಸೀಟು ಸಿಕ್ಕಿದರೂ ನಿಂತೇ ಹೋಗುತ್ತಿದ್ದೆ.

ಬಸ್ಸಿಳಿದವನು ಕಾಫಿ ಕೂಡ ಕುಡಿಯದೆ ಕಚೇರಿಗೆ ಓಡುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಮೊದಲು ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಡುತ್ತಿದ್ದೆ. ಬರುವ ಗಾಳಿ ಬೆಚ್ಚಗಿದ್ದರೆ ಸರಿ, ಬಿಸಿಯಿದ್ದರೆ ಫ್ಯಾನಿಗೆ ದೂಳು ಕಟ್ಟಿದೆ ಎಂದರ್ಥ. ಆಮೇಲೆ ಕಿವಿ. ಪಟ್ಟಿಗಳನ್ನೆಲ್ಲ ಹೊತ್ತು ಒಳಗೆ ಸದಾ ತಿರುಗುತ್ತಿದ್ದ ಡಿಸ್ಕು ಸುಮ್ಮನೆ ಗುಂಯ್‌ಗುಟ್ಟಿದರೆ ಚಿಂತೆಯಿಲ್ಲ, ನಡುನಡುವೆ ಲೊಚಗುಟ್ಟಿದರೆ ಏನೋ ಓದಲಾರದೆ ಒದ್ದಾಡುತ್ತಿದೆ. ಆಮೇಲೆ ಪರದೆ. ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ, ಜಾಗ ಎಷ್ಟು ತುಂಬಿದೆ, ಹಿಂದಿನ ಸಂಜೆಯಿಂದ ಎಷ್ಟು ತಪ್ಪು ದಾಖಲಾಗಿದೆ, ಎಲ್ಲವನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಆ ನೋಟ್‌ಬುಕ್ಕನ್ನು ಯಾರೂ ಕೇಳಿರಲಿಲ್ಲ. ಸಾಹೇಬರಿಗಂತೂ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಬರೆಯದಿದ್ದರೆ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ನನ್ನ ಭಯಕ್ಕೆಲ್ಲ ಇದ್ದ ಮದ್ದು ಟೇಪುಗಳು. ಕ್ಯಾಸೆಟ್ಟಿಗಿಂತ ತುಸು ದಪ್ಪ, ಒಂದು ಬದಿಯಲ್ಲಿ ಸ್ಪ್ರಿಂಗಿನ ಪುಟ್ಟ ಬಾಗಿಲು. ದಿನಾ ಸಂಜೆ ಡಿಸ್ಕಿನಲ್ಲಿದ್ದದ್ದೆಲ್ಲ ಒಂದು ಟೇಪಿಗೆ ನಕಲಾಗುತ್ತಿತ್ತು. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು, ಹೀಗೆ ಆರು. ಏಳನೆಯದು ಚಾಮರಾಜನಗರದ ಕಚೇರಿಯ ಬೀರುವಿನಲ್ಲಿ. ಗುಂಡ್ಲುಪೇಟೆ ಕಚೇರಿಗೆ ಬೆಂಕಿ ಬಿದ್ದರೂ ಅದೊಂದು ಉಳಿಯಲಿ ಎಂದು. ಇಷ್ಟು ಹುಷಾರಿನವನು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಆ ಐದು ಜನರಲ್ಲಿ ಒಬ್ಬಳು ಬೇಗೂರಿನಿಂದ ಬರುತ್ತಿದ್ದಳು. ಅವಳಪ್ಪ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದು ನಿವೃತ್ತರಾದವರು. ಇಪ್ಪತ್ತೆರಡರ ಹುಡುಗಿ, ತಲೆ ಎತ್ತದೆ ಟೈಪ್ ಮಾಡುತ್ತಿದ್ದಳು, ಬೇರೆಯವರು ಎರಡು ಊರು ಮುಗಿಸುವಾಗ ಇವಳದ್ದು ಮೂರು ಮುಗಿದಿರುತ್ತಿತ್ತು. ಅಂಚೆಯಲ್ಲಿ ಬಿಎ ಕಟ್ಟಿದ್ದಳು, ಕೊನೆಯ ವರ್ಷ. ಅವಳ ಕೆಲಸ ಗುತ್ತಿಗೆಯದು, ಮೂರು ತಿಂಗಳಿಗೊಮ್ಮೆ ಸಾಹೇಬರು ರುಜು ಹಾಕಿದರೆ ಮುಂದುವರಿಯುತ್ತಿತ್ತು. ಒಂದು ದಿನ ಫಾರಂ ಜೋಡಿಸುತ್ತಾ ತಾನಾಗಿಯೇ ಹೇಳಿದಳು: ‘ಕೆಲ್ಸ ಇರಗಂಟ ಮದ್ವೆ ಮಾತಿಲ್ಲ ಅಂತ ಅಪ್ಪ ಒಪ್ಕಂಡವ್ರೆ ಸಾ. ಪರೀಕ್ಸೆ ಒಂದ್ ಆಗ್ಬುಡ್ಲಿ ಸಾಕು.’ ಪರೀಕ್ಷೆ ಬೇಸಗೆಯಲ್ಲಿತ್ತು. ಅಲ್ಲಿಯವರೆಗೆ ಈ ಕುರ್ಚಿ ಅವಳಿಗೆ ಬೇಕಿತ್ತು.

ದಸರಾ ಬಂತು. ಆಯುಧ ಪೂಜೆ ದಿನ ನಮ್ಮ ಕಡೆ ಕತ್ತರಿಯಿಂದ ಹಿಡಿದು ಲಾರಿಯವರೆಗೆ ಯಾವುದಕ್ಕೂ ಕೆಲಸ ಹೇಳುವಂತಿಲ್ಲ. ತೊಳೆದು, ಕುಂಕುಮ ಇಟ್ಟು, ಹೂ ಹಾಕಿ, ಸುಮ್ಮನೆ ಮಲಗಲು ಬಿಡಬೇಕು. ನಮ್ಮ ಕಚೇರಿಯ ಅಟೆಂಡರ್ ನಿವೃತ್ತಿಗೆ ಹತ್ತಿರ ಬಂದಿದ್ದ ಹಿರಿಯರು, ನಾನು ಅಣ್ಣ ಎನ್ನುತ್ತಿದ್ದೆ. ಒಂದು ವಾರದಿಂದ ಅವರದ್ದು ಒಂದೇ ವರಾತ. ‘ವರ್ಸೊಪ್ಪತ್ತು ಒಂದೇ ಸಮ ಗೇದದೆ ಸಾ ಅದು. ಎತ್ತಿಗೂ ಒಂದಿನ ನೊಗ ಇಳುಸ್ತಿವಿ. ಎರಡ್ ದಿನ ಆರ್ಸುಬುಡಿ.’

ಅದನ್ನು ತಂದಂದಿನಿಂದ ನಾನು ಅರ್ಧ ಗಂಟೆಗಿಂತ ಹೆಚ್ಚು ಆರಿಸಿರಲಿಲ್ಲ. ಆದರೂ ಅವರ ಮಾತು ನನಗೆ ಹಿಡಿಸಿತು. ಸುಳ್ಳು ಯಾಕೆ, ನನಗೂ ಎರಡು ದಿನ ಕಿವಿ ನಿಮಿರಿಸದೆ ಇರುವ ಆಸೆಯಾಗಿತ್ತು. ಸರ್ವರ್ ಆರಿಸಿದೆ. ಗುಂಯ್ ಎನ್ನುವ ಸದ್ದು ಇಳಿದು ಇಳಿದು ನಿಂತಾಗ ಆ ಕೋಣೆ ಬೇರೆ ಯಾರದ್ದೋ ಅನ್ನಿಸಿತು.

ಆಮೇಲೆ ಟೇಪಿನ ಮಾತು ಬಂತು. ‘ಇವೂ ಆಯುಧವೇ ಅಲ್ವಾ ಸಾ?’ ಎಂದರು ಅಟೆಂಡರ್. ಅದೂ ಹೌದು, ನನ್ನ ನಿಜವಾದ ಆಯುಧ ಅವೇ. ಆರನ್ನೂ ತಟ್ಟೆಯಲ್ಲಿ ಜೋಡಿಸಿದೆ. ಏಳನೆಯದನ್ನು ಬಿಟ್ಟು ಪೂಜೆ ಮಾಡಿದರೆ ಅದೊಂದಕ್ಕೆ ಯಾಕೆ ಕೊರತೆ ಎಂದು ಬೆಳಿಗ್ಗೆಯೇ ಚಾಮರಾಜನಗರದ ಬೀರುವಿನಿಂದ ತೆಗೆದು ಬ್ಯಾಗಿನಲ್ಲಿ ತಂದಿದ್ದೆ. ಬೆಂಕಿ ಬಿದ್ದರೂ ಉಳಿಯಲಿ ಎಂದು ದೂರ ಇಟ್ಟದ್ದನ್ನು ನಾನೇ ಬಸ್ಸಿನಲ್ಲಿ ಹೊತ್ತು ತಂದು ತಟ್ಟೆಗೆ ಹಾಕಿದೆ. ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲಿಂದ ಮಾಡಿದ ಪೂಜೆ ಒಳಕ್ಕೆ ತಲುಪುವುದಿಲ್ಲವಂತೆ. ಅದರಿಂದ ಒಂದೊಂದನ್ನೂ ಹೊರಗೆ ತೆಗೆದೆ.

ಕುಂಕುಮ ಇಡಲು ಹೆಣ್ಣುಮಕ್ಕಳೇ ಬೇಕು ಎಂದು ಬೇಗೂರಿನ ಹುಡುಗಿಯನ್ನು ಕರೆದೆವು. ಅವಳು ತಟ್ಟೆ ನೋಡಿ ಹಿಂಜರಿದಳು. ‘ಇದ್ಕೆ ಇಡಬೋದಾ ಸಾ? ಚಪ್ಲಿ ದೂಳೇ ಆಗದಿಲ್ಲ ಅಂತಿದ್ರಿ?’ ನಾನು ನಕ್ಕೆ. ‘ಇಡಮ್ಮಾ, ದೇವರ ಕುಂಕುಮಕ್ಕೂ ದೂಳಿಗೂ ವ್ಯತ್ಯಾಸ ಇಲ್ಲವಾ? ಇಲ್ಲಿ ಇಡು’ ಎಂದು ಆ ಪುಟ್ಟ ಬಾಗಿಲ ಸಂದಿಗೇ ಬೆರಳಿಟ್ಟು ತೋರಿಸಿದೆ. ಅವಳು ಇಟ್ಟಳು. ಅಟೆಂಡರ್ ಕಾಯಿ ಒಡೆದರು. ‘ಎಲ್ಲದಕ್ಕೂ ಸ್ವಲ್ಪ ಚಿಮುಕಿಸಮ್ಮಾ’ ಎಂದೆ. ಹೂವನ್ನು ಆ ಕಾಯಿನೀರಿನಲ್ಲಿ ಅದ್ದಿ ಏಳು ಟೇಪಿಗೂ ಚಿಮುಕಿಸಿದಳು. ಸಾಹೇಬರು ಆ ಹೊತ್ತಿಗೆ ತಮ್ಮ ಜೀಪಿನ ಪೂಜೆಯಲ್ಲಿದ್ದರು. ಕೋಣೆಯಲ್ಲಿ ನಾವು ಮೂವರೇ.

ವಿಜಯದಶಮಿ ಕಳೆದು ಮಾರನೆಯ ಬೆಳಿಗ್ಗೆ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಡಿಸ್ಕು ಮಾತ್ರ ಏಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಟಕ್ ಎಂದು ಒಂದು ಸದ್ದು, ಮತ್ತೆ ಮೌನ. ಹತ್ತು ಸಲ ಮಾಡಿರಬೇಕು. ಹೊರಗೆ ಐದು ಜನ ಖಾಲಿ ಪರದೆಗಳ ಮುಂದೆ ಕೂತು ನನ್ನ ಬಾಗಿಲು ನೋಡುತ್ತಿದ್ದರು. ಆದರೂ ನಾನು ಪೂರ್ತಿ ಹೆದರಿರಲಿಲ್ಲ, ಟೇಪುಗಳಿದ್ದವಲ್ಲ.

ಮರುದಿನ ಮೈಸೂರಿನಿಂದ ಇಂಜಿನಿಯರ್ ಹೊಸ ಡಿಸ್ಕು ತಂದರು. ಹೊಸದನ್ನು ಜೋಡಿಸಿ ಶನಿವಾರದ ಟೇಪು ಹಾಕಿದೆವು. ಸ್ವಲ್ಪ ಓದಿತು, ಕಿರ್ ಎಂದಿತು, ನಿಂತಿತು. ಶುಕ್ರವಾರದ್ದೂ ಹಾಗೆಯೇ. ಏಳೂ ಹಾಗೆಯೇ. ಇಂಜಿನಿಯರ್ ಒಂದು ಟೇಪಿನ ಬಾಗಿಲನ್ನು ಉಗುರಿನಿಂದ ಸರಿಸಿ ಬೆಳಕಿಗೆ ಹಿಡಿದರು. ಒಳಗೆ ಕಂದು ಬಣ್ಣದ ಟೇಪಿನ ಮೇಲೆ ಕೆಂಪು ಪುಡಿ ಕಾಯಿನೀರಿನಲ್ಲಿ ನೆನೆದು ಅಂಟಿ ಒಣಗಿತ್ತು. ಬೇರೆಯವೂ ಅಷ್ಟೇ. ಅದೇ ಹೊತ್ತಿಗೆ ಸಾಹೇಬರು ಒಳಗೆ ಬಂದರು.

‘ಯಾರ್ರೀ ಇದಕ್ಕೆ ಕುಂಕುಮ ಇಟ್ಟದ್ದು?’

ಮತ್ತೆ ಟೈಪ್ ಮಾಡಬೇಕೆಂದರೆ ಎಂಟು ತಿಂಗಳ ಕೆಲಸ. ಅಟೆಂಡರ್ ನೆಲ ನೋಡಿದರು. ಬಾಗಿಲಲ್ಲಿ ನಿಂತ ಎಲ್ಲರೂ ಅವಳ ಕಡೆ ತಿರುಗಿದರು. ಕುಂಕುಮದ ಬಟ್ಟಲು ಹಿಡಿದು ಅವಳು ಕೋಣೆಯೊಳಗೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಅವಳು ಒಂದು ಸಲ, ಒಂದೇ ಸಲ, ನನ್ನ ಮುಖ ನೋಡಿದಳು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಬಿಗಿಯಾಗಿಯೇ ಇದ್ದ ಒಂದು ತಿರುಪನ್ನು ಬಿಗಿಮಾಡತೊಡಗಿದೆ.

‘ನಾನೇ ಇಟ್ಟೆ ಸಾರ್’ ಎಂದಳು.

ಬಾಯಿ ತೆರೆಯಲು ಎಷ್ಟು ಹೊತ್ತು ಬೇಕಿತ್ತು? ‘ನಾನು ಹೇಳಿದ್ದಕ್ಕೆ ಇಟ್ಟಳು’ ಎಂದರೆ ಮುಗಿಯುತ್ತಿತ್ತು. ನಾನು ಕಾಯಂ ನೌಕರ, ನನಗೆ ಒಂದು ಮೆಮೊ ಬರುತ್ತಿತ್ತು, ಹೆಚ್ಚೆಂದರೆ ಒಂದು ಬಡ್ತಿ ತಪ್ಪುತ್ತಿತ್ತು. ಅಷ್ಟಕ್ಕೇ ಹೆದರಿದೆ. ಇವನು ಹುಷಾರಿನವನು ಎಂದು ಇಡೀ ಕಚೇರಿ ಅಂದುಕೊಂಡಿದ್ದದ್ದು ಹೋಗಿಬಿಡುತ್ತದಲ್ಲ ಎಂದೂ ಹೆದರಿದೆ. ಮಧ್ಯಾಹ್ನ ಸಾಹೇಬರು ಅವಳನ್ನು ತಮ್ಮ ಕೋಣೆಗೆ ಕರೆದರು. ಅವಳು ಹೊರಗೆ ಬರಲು ತುಂಬಾ ಹೊತ್ತು ಹಿಡಿಯಿತು. ನಾನು ಸತ್ತ ಡಿಸ್ಕಿಗೆ ಕಿವಿಯಿಟ್ಟು ಕೂತಿದ್ದೆ. ಸಂಜೆ ಅವಳು ತನ್ನ ಟಿಫಿನ್ ಬಾಕ್ಸು, ಕೊಡೆ ತೆಗೆದುಕೊಂಡು ಹೋದಳು. ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಮಾರನೆಯ ದಿನ ಆರ್ಡರ್ ಬಂತು.

ಅಲ್ಲಿಂದ ಹತ್ತು ದಿನ ನಾನು ಮನುಷ್ಯನಾಗಿರಲಿಲ್ಲ. ಹೊಸ ಡಿಸ್ಕಿನಲ್ಲಿ ಕಾಯುವಂಥದ್ದು ಏನೂ ಇಲ್ಲದಿದ್ದರೂ ಗಂಟೆಗೆ ನಾಲ್ಕು ಸಲ ಕೋಣೆಗೆ ಹೋಗುತ್ತಿದ್ದೆ. ಅವ್ವ ಊಟಕ್ಕೆ ಕರೆದರೆ ರೇಗುತ್ತಿದ್ದೆ. ಸಾಹೇಬರ ಬಾಗಿಲವರೆಗೆ ಹೋಗಿ, ಒಳಗೆ ಯಾರೋ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡು ವಾಪಸ್ಸು ಬರುತ್ತಿದ್ದೆ. ಉಳಿದ ನಾಲ್ವರು ಭೀಮನಬೀಡಿನ ಫಾರಂಗಳಿಂದ ಮತ್ತೆ ಶುರುಮಾಡಿದ್ದರು. ಆ ಊರನ್ನು ಮೊದಲ ಸಲ ಟೈಪ್ ಮಾಡಿದವಳು ಅವಳೇ. ಫಾರಂಗಳ ಮೂಲೆಯಲ್ಲಿ ಅವಳು ಪೆನ್ಸಿಲಿನಲ್ಲಿ ಹಾಕಿದ ಸಣ್ಣ ಟಿಕ್ ಗುರುತುಗಳಿದ್ದವು. ಆ ಕಟ್ಟನ್ನು ನೋಡಲಾಗದೆ ಬೇರೆ ಕಡೆ ಇಡಿಸಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಟೀ ಕುಡಿಯಲು ಇಳಿದ ಡ್ರೈವರ್ ಇಂಜಿನ್ ಆರಿಸಿದ್ದ, ಮತ್ತೆ ಸ್ಟಾರ್ಟ್ ಆಗಲಿಲ್ಲ. ‘ಇಳೀರಪ್ಪಾ, ಒಸಿ ತಳ್ಳನ’ ಎಂದ ಕಂಡಕ್ಟರ್. ಇಪ್ಪತ್ತು ಜನ ಹಿಂದೆ ಕೈಕೊಟ್ಟೆವು. ಹತ್ತು ಮಾರು ಉರುಳಿದ್ದೇ ಗಡಗಡ ಎಂದು ಹತ್ತಿಕೊಂಡಿತು. ‘ಇಂಜಿನ್‌ಗೆ ಏನೂ ಆಗಿಲ್ಲ ಕಣ್ರೀ, ಮೊದಲ ಎಳೆತಕ್ಕೆ ಶಕ್ತಿ ಸಾಲದು ಅಷ್ಟೆ’ ಎಂದು ಡ್ರೈವರ್ ಯಾರಿಗೋ ಹೇಳುತ್ತಿದ್ದ. ನನ್ನ ಕೈ ಇನ್ನೂ ಬಸ್ಸಿನ ತಗಡಿನ ಮೇಲೆಯೇ ಇತ್ತು. ನಮ್ಮ ಡಿಸ್ಕು ಸುಟ್ಟಿರಲಿಲ್ಲ, ಮುರಿದಿರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ತಿರುಗಿದ್ದು ನಿಂತು ತಣ್ಣಗಾಗಿ ಅಂಟಿಕೊಂಡಿತ್ತು. ಅದಕ್ಕೂ ಮೊದಲ ಎಳೆತವೇ ಬೇಕಿದ್ದದ್ದು.

ಕಚೇರಿಗೆ ಹೋದವನು ಹಳೆಯ ಡಿಸ್ಕನ್ನು ಉದ್ದನೆಯ ವೈರಿಗೆ ಸಿಕ್ಕಿಸಿ ಅಂಗೈಯಲ್ಲಿ ಮಟ್ಟಸವಾಗಿ ಹಿಡಿದೆ. ಅಟೆಂಡರ್‌ಗೆ ಸ್ವಿಚ್ ಒತ್ತಲು ಹೇಳಿ, ಅವರು ಒತ್ತಿದ ಕ್ಷಣಕ್ಕೆ ಮಣಿಕಟ್ಟನ್ನು ಒಂದೇ ಸಲ ಚಕ್ಕನೆ ತಿರುಗಿಸಿದೆ. ಟಕ್. ಇನ್ನೊಮ್ಮೆ. ಟಕ್. ಮೂರನೆಯ ಸಲಕ್ಕೆ ಅಂಗೈಯಲ್ಲಿ ಏನೋ ನಡುಗಿತು, ಸಣ್ಣದಾಗಿ ಗುಂಯ್ ಎಂದಿತು, ಸದ್ದು ಏರಿತು. ‘ಎದ್ದದೆ ಕಣ್ ಸಾ!’ ಎಂದು ಅಟೆಂಡರ್ ಕೂಗಿದರು. ನನ್ನ ಕಣ್ಣಲ್ಲಿ ನೀರು ಬಂತು. ಮತ್ತೆ ನಿಲ್ಲುವ ಮುಂಚೆ ಎಲ್ಲವನ್ನೂ ಹೊಸ ಡಿಸ್ಕಿಗೆ ಸಾಗಿಸಬೇಕಿತ್ತು. ಮೂರು ಗಂಟೆಯ ಹೊತ್ತಿಗೆ ಇಡೀ ತಾಲ್ಲೂಕು ಹೊಸ ಡಿಸ್ಕಿನಲ್ಲಿತ್ತು, ಒಂದು ಮನೆಯೂ ಕಡಿಮೆಯಿಲ್ಲದೆ. ಅಲ್ಲಿಯವರೆಗೆ ನಾನು ನೀರೂ ಕುಡಿಯಲಿಲ್ಲ.

ಸಾಹೇಬರು ನನ್ನ ಕೈ ಹಿಡಿದು ಕುಲುಕಿದರು. ನನಗೆ ಧೈರ್ಯ ಬಂದದ್ದು ಆಗ. ಡಿಸ್ಕು ತಿರುಗಿದ ಮೇಲೆ, ಎಲ್ಲರೂ ನಗುತ್ತಿರುವಾಗ, ಇನ್ನು ನನಗೆ ಯಾವ ಮೆಮೊವೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ! ‘ಸಾರ್, ಕುಂಕುಮ ಇಡಲು ಹೇಳಿದವನು ನಾನು. ಆ ಹುಡುಗಿ ಇಡಬಹುದಾ ಎಂದು ಕೇಳಿಯೂ ಇದ್ದಳು’ ಎಂದೆ. ಸಾಹೇಬರು ನನ್ನ ಕೈ ಬಿಟ್ಟರು. ಬೈಯಲಿಲ್ಲ. ‘ಕರೆಸಿಕೊಳ್ಳಿ ಹಾಗಾದರೆ. ಆರ್ಡರ್ ವಾಪಸ್ಸು ತಗೊಳ್ತೀನಿ’ ಎಂದಷ್ಟೇ ಹೇಳಿ ಫೈಲಿಗೆ ಮುಖ ಹಾಕಿದರು.

ಮಾರನೆಯ ದಿನವೇ ಬೇಗೂರಿನ ಬಸ್ಸು ಹತ್ತಿದೆ. ಖುಷಿಯ ಸುದ್ದಿ ಒಯ್ಯುತ್ತಿದ್ದೇನೆ ಎಂದು ನಿಜವಾಗಿಯೂ ನಂಬಿದ್ದೆ, ಕಾಲು ಕೆಜಿ ಮೈಸೂರುಪಾಕನ್ನೂ ಕಟ್ಟಿಸಿಕೊಂಡಿದ್ದೆ. ಹೈವೇಯಿಂದ ಎರಡು ಬೀದಿ ಒಳಗೆ ಮನೆ. ಜಗಲಿಯ ಮೇಲೆ ಅವಳಪ್ಪ ಕೂತಿದ್ದರು. ಯಾರೆಂದು ಹೇಳಿಕೊಂಡೆ. ‘ಬನ್ನಿ ಸಾ, ಕೂತ್ಕಳಿ’ ಎಂದು ಚಾಪೆ ಹಾಸಿದರು. ಕೆಲಸಕ್ಕೆ ಮತ್ತೆ ಕರೆಯುತ್ತಿದ್ದಾರೆ, ತಪ್ಪು ಅವಳದ್ದಲ್ಲ ಎಂದು ಗೊತ್ತಾಗಿದೆ ಎಂದೆ. ಅವರು ತಲೆ ಅಲ್ಲಾಡಿಸಿದರು.

‘ಇನ್ ಯಾಕ್ ಸಾ? ಮೊನ್ನೆ ಸ್ವಾಮಾರ ಎಲೆಅಡ್ಕೆ ಆಗೋಯ್ತು. ಗಂಡು ನಂಜನಗೂಡ್ ಕಡೆಯೋರು. ಕಾರ್ತೀಕದಲ್ಲಿ ಮದ್ವೆ. ಕೆಲ್ಸ ಇರಗಂಟ ಅಂತ ನಾನೇ ಮಾತ್ ಕೊಟ್ಟಿದ್ದೆ, ಕೆಲ್ಸ ಓಯ್ತಲ್ಲ, ಮಾತೂ ತೀರ್ತು. ಒಂದ್ ಗಳ್ಗೆ, ಕಾಪಿ ಕುಡ್ಕಂಡ್ ಓಗಿ’ ಎಂದು ಹಾಲು ತರಲು ಎದ್ದು ಹೋದರು.

ಅವಳು ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ. ಪರೀಕ್ಷೆ ಏನಾಯಿತು ಎಂದು ಕೇಳಿದೆ. ‘ಗಂಡನ್ ಮನೆಯೋರು ಬರ್ಸುದ್ರೆ ಬರೆಯದು’ ಎಂದಳು. ಕೋಪ ಇರಲಿಲ್ಲ ಮಾತಿನಲ್ಲಿ. ಕೋಪ ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

‘ಅವತ್ತೇ ಹೇಳಬೇಕಿತ್ತಮ್ಮಾ ನಾನು. ಹೆದರಿಬಿಟ್ಟೆ’ ಎಂದೆ.

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ‘ಸಾಹೇಬ್ರು ಒಳಿಕ್ ಕರ್ದು ಮೂರ್ ಸಲ ಕೇಳುದ್ರು ಸಾ. ಯಾರ್ ಏಳುದ್ರು ಇಡು ಅಂತ, ಎಸ್ರು ಏಳು, ನಿನ್ ಕೆಲ್ಸ ಉಳುಸ್ತಿನಿ ಅಂದ್ರು. ನಾನ್ ಏಳ್ನಿಲ್ಲ. ಒರಗೇ ಇದ್ರಲ್ಲ ನೀವು, ನೀವೇ ಬಂದ್ ಏಳ್ತಿರ ಅನ್ಕಂಡು ಸುಮ್ನಿದ್ದೆ.’

ಅವಳ ಅಮ್ಮ ಕಾಫಿ ತಂದು ಕೈಗೆ ಕೊಟ್ಟರು. ಅಷ್ಟು ದೂರದಿಂದ ಬಂದಿರಲ್ಲ ಎಂದು ಉಪಚಾರ ಹೇಳಿದರು. ಕುಡಿದೆ. ಲೋಟ ಕೆಳಗಿಟ್ಟು ಎದ್ದು ಬರುವ ಧೈರ್ಯವೂ ನನಗಿರಲಿಲ್ಲ.